ದೊಡ್ಡಪ್ಪನ ಬೀಳಗಿ ಜೋಡಿ

ಆಟಗಾರರ ಪ್ರೇಮಕಥೆ ಬರೆಯುವವರಿಗೆ ಪ್ರೇಮ ಗೊತ್ತಿರದಿದ್ದರೂ ನಡೆಯುತ್ತದೆ, ಆಟ ಗೊತ್ತಿರದಿದ್ದರೆ ಮಾತ್ರ ಓದುಗರು ಬಿಡುವುದಿಲ್ಲ. ನನ್ನ ಹಿಂದಿನ ಕಥೆಯ ನಾಯಕ ಕ್ರಿಕೆಟ್ ಮೈದಾನದಲ್ಲಿ ಸಿಕ್ಸರ್ ಹೊಡೆದು, ನಾಯಕಿಯ ಕಡೆ ನೋಡಿ ನಕ್ಕು, ಮುಂದಿನ ಚೆಂಡನ್ನು ತಾನೇ ಎಸೆದಿದ್ದ. ಅಷ್ಟು ಮುದ್ದಾಗಿ ನಕ್ಕಿದ್ದಾನಲ್ಲ, ಯಾರಿಗೂ ಗೊತ್ತಾಗಲಿಕ್ಕಿಲ್ಲ ಎಂದುಕೊಂಡಿದ್ದೆ. ಜಮಖಂಡಿಯ ಓದುಗರೊಬ್ಬರು ಫೋನ್ ಮಾಡಿ, "ಅಕ್ಕಾರ, ನಿಮ್ಮ ಹೀರೋ ಎರಡೂ ಟೀಮಿಗೆ ಆಡ್ಯಾನಲ್ರೀ, ಮದವಿನೂ ಇಬ್ಬರನ್ನ ಆಗ್ಯಾನೇನು?" ಎಂದು ಕೇಳಿದರು. ಇನ್ನು ಮುಂದೆ ವಿಚಾರಿಸದೆ ಒಂದು ಸಾಲನ್ನೂ ಬರೆಯಬಾರದು ಎಂದು ಅವತ್ತೇ ತೀರ್ಮಾನಿಸಿದೆ.

ದೀಪಾವಳಿ ವಿಶೇಷಾಂಕಕ್ಕೆ ಪೈಲ್ವಾನನೊಬ್ಬನ ಪ್ರೇಮಕಥೆ ಒಪ್ಪಿಕೊಂಡಿದ್ದೆ. ವಿಚಾರಿಸಲು ದೂರ ಹೋಗಬೇಕಾಗಿರಲಿಲ್ಲ. ಬನಹಟ್ಟಿಯ ನಮ್ಮ ಮನೆಯ ಪಡಸಾಲೆಯಲ್ಲೇ ನನ್ನ ಗಂಡನ ದೊಡ್ಡಪ್ಪ ಕೂತಿರುತ್ತಾರೆ. ಒಂದು ಕಾಲಕ್ಕೆ ಹೆಸರಾಂತ ಪೈಲ್ವಾನರು. ಕುಸ್ತಿಯಲ್ಲಿ ತಿಕ್ಕಿ ತಿಕ್ಕಿ ಅವರ ಕಿವಿಗಳು ಸಂಡಿಗೆಯಂತೆ ಮುದುಡಿವೆ. ನನ್ನ ನಾಯಕನ ಕಿವಿಗೆ ಹೊಳೆಯುವ ಹರಳಿಟ್ಟಿದ್ದೆ, ಮೊದಲು ಅದನ್ನು ತೆಗೆದುಹಾಕಿದೆ. ಆಮೇಲೆ ಸಂಕೋಚಪಡುತ್ತಲೇ, "ದೊಡ್ಡಪ್ಪಾರ, ನಿಮಗ ತಕ್ಕ ಜೋಡಿ ಎಲ್ಲಿ ಸಿಕ್ಕಿತ್ರೀ?" ಎಂದೆ. ದೊಡ್ಡವ್ವನನ್ನು ಮೊದಲ ಸಲ ನೋಡಿದ್ದನ್ನು ಹೇಳುತ್ತಾರೆಂದು ನನ್ನ ಲೆಕ್ಕ.

ದೊಡ್ಡಪ್ಪ ಗೋಡೆಯ ಕಡೆ ನೋಡುತ್ತಾ ಹೇಳಿದರು, "ಮುಧೋಳದಾಗ ನೋಡವಾ. ಕಂಡ ಕೂಡಲೆ ಎದಿ ಧಸಕ್ಕಂತು. ಕೈಗೆ ಕೈ ಹಚ್ಚಿದ್ದ ತಡ, ಇದ ನನ್ನ ಜೋಡಿ ಅಂತ ಗೊತ್ತಾತು. ಕುತ್ತಿಗಿ ಮ್ಯಾಲೆ ಬಿದ್ದ ಆ ಉಸರು ಇನ್ನೂ ಕಿವ್ಯಾಗ ಐತಿ. ಹೊತ್ತು ಮುಳಗಿದರೂ ಬಿಡಾಕ ಮನಸಿರಲಿಲ್ಲ. ಬೀಳಗಿ ಕಡೇದು." ನನ್ನ ಮೈ ಜುಮ್ಮೆಂದಿತು. ಹಿಂದೆಯೇ ಗಾಬರಿಯೂ ಆಯಿತು, ಯಾಕೆಂದರೆ ದೊಡ್ಡವ್ವನ ತವರು ರಬಕವಿ.

ಬರೆಯುವವರ ಆಸೆ ಕೆಟ್ಟದ್ದು. ಅಷ್ಟನ್ನೂ ಕಥೆಗೆ ಹಾಕಿದ್ದಲ್ಲದೆ, ತಡೆಯಲಾರದೆ ಮನೆಯ ಹೆಂಗಸರ ಮುಂದೆ ಓದಿದೆ. ನೂಲು ಸುತ್ತುತ್ತಿದ್ದ ದೊಡ್ಡವ್ವನ ರಾಟೆ ನಿಂತಿತು. "ಇದು ನಮ್ಮನ್ಯಾವರ ಮಾತು. ಯಾರಬೇ ಈ ಬೀಳಗ್ಯಾಕಿ?" ಎಂದಳು. "ಎಲ್ಲಾ ಕಲ್ಪನಾರೀ" ಎಂದೆ. "ಹೌದಾ, ಆಕಿ ಹೆಸರೂ ಗೊತ್ತೈತಿ ನಿನಗ!" ಎಂದು ಎದ್ದು ಹೋದಳು.

ಅಂದಿನಿಂದ ದೊಡ್ಡಪ್ಪನ ತಾಟಿಗೆ ರೊಟ್ಟಿ ಬೀಳುತ್ತಿತ್ತು, ಮಾತು ಬೀಳುತ್ತಿರಲಿಲ್ಲ. ನಾನು ಬರೆದದ್ದು ಸುಳ್ಳು ಎಂದು ಆಣೆ ಮಾಡಿದೆ. ಜೀವಮಾನದಲ್ಲಿ ಮೊದಲ ಬಾರಿಗೆ ಒಬ್ಬರು ನನ್ನ ಕಥೆಯನ್ನು ಪೂರ್ತಿ ನಂಬಿದ್ದರು, ಅದೂ ಇಂಥ ವೇಳೆಯಲ್ಲಿ. "ಸಾಯೋ ಕಾಲಕ್ಕ ನನಗೊಬ್ಬಾಕಿ ಸವತಿನ್ನ ತಂದಿ ನೋಡು" ಎಂದು ದೊಡ್ಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಂದು ಹಳೆಯ ಸಂಸಾರ ನನ್ನ ಕಥೆಯಿಂದ ಮುರಿಯುತ್ತದೆಂದು ನಿಜವಾಗಿಯೂ ಹೆದರಿದೆ.

ಕೊನೆಗೆ ದೊಡ್ಡವ್ವನೇ ಗಂಡನ ಎದುರು ನಿಂತಳು. "ನಿನ್ನ ಜೋಡಿನ್ನ ಕರಸು. ಒಮ್ಮೆ ಮಾರಿ ನೋಡತೇನಿ." ದೊಡ್ಡಪ್ಪ ಅಳುಕುವುದು ಹೋಗಲಿ, ಮಗುವಿನಂತೆ ಅರಳಿದರು. "ಖರೇನ? ಕರಸ್ಲಿ?" ಎಂದು ಆಗಲೇ ಫೋನಿಗೆ ಕೈ ಹಾಕಿದರು. ದೊಡ್ಡವ್ವ ರಾಟೆಯ ಮುಂದೆ ಹೋಗಿ, ಅವರಿಗೆ ಬೆನ್ನು ತಿರುಗಿಸಿ ಕೂತಳು.

ಮರುದಿನ ಬಸ್ಸಿಳಿದು ಬಂದವರು ಗಿರಿಜಾ ಮೀಸೆಯ ಮುದುಕರು. ಕೈಯಲ್ಲಿ ಕೋಲು, ಎರಡೂ ಕಿವಿ ಸಂಡಿಗೆ. ದೊಡ್ಡವ್ವ ಅವರ ಬೆನ್ನ ಹಿಂದೆ ಇಣುಕಿ, "ಆಕಿ ಎಲ್ಲಿ?" ಎಂದಳು. "ಯಾವಾಕಿ? ಇವನ ನನ್ನ ಜೋಡಿ!" ಎಂದರು ದೊಡ್ಡಪ್ಪ. ಕುಸ್ತಿಯವರ ಬಾಯಲ್ಲಿ ಜೋಡಿ ಎಂದರೆ ಸಮಬಲದ ಎದುರಾಳಿ ಎಂಬುದು ಬನಹಟ್ಟಿಯ ಸೊಸೆಯಾದ ನನಗೆ ಆಗ ತಿಳಿಯಿತು. ಆದರೆ ಮುಂದೆ ಕಂಡದ್ದರಿಂದ ನಾಚಿಕೆಪಡುವುದನ್ನೂ ಮರೆತೆ. ಬೀಳಗಿಯವರು ಕೋಲು ಬಿಟ್ಟರು. ಇಬ್ಬರೂ ಬಾಗಿ, ಕೈಗೆ ಕೈ ಹಚ್ಚಿ, ಒಬ್ಬರ ಕುತ್ತಿಗೆಗೆ ಇನ್ನೊಬ್ಬರು ಕೈ ಹಾಕಿ, ಹಣೆಗೆ ಹಣೆ ಕೊಟ್ಟು ನಿಂತರು. ನೆಟ್ಟಗೆ ನಡೆಯಲಾರದ ಆ ಕಾಲುಗಳು ನೆಲಕ್ಕೆ ಹೇಗೆ ಊರಿಕೊಂಡವೋ ದೇವರೇ ಬಲ್ಲ. ಇಬ್ಬರ ಕಣ್ಣೀರೂ ಮೀಸೆಗಿಳಿಯುತ್ತಿತ್ತು. ಇಷ್ಟು ವರ್ಷ ಪ್ರೇಮಕಥೆ ಬರೆದವಳು ಪ್ರೇಮವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ದೊಡ್ಡವ್ವ ಅಳುತ್ತಲೇ ನಕ್ಕಳು. "ನನ್ನ ಕಡಿ ಒಂದ ದಿನರೆ ಹಿಂಗ ನೋಡ್ಯಾನೇನ ಈ ಮನಿಶಾ? ಏ ಹುಡಿಗಿ, ಆ ಉಸರಿನ ಮಾತು ನನ್ನ ಹೆಸರಿಲೆ ಬರಿ." ಬರೆದೆ. ಕಥೆ ಅಚ್ಚಾದ ಮೇಲೆ ದೊಡ್ಡಪ್ಪನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, ಹೆಂಡತಿಯ ಕಡೆ ನೋಡಿ, "ಒಂದ ತಪ್ಪೈತಿ. ಬೀಳಗ್ಯಾಂವನ ಕೂಡ ನಂದು ಯಾವಾಗಲೂ ಸಮ ಆಗತಿತ್ತು. ಇಕಿ ಕೂಡ ಆದ ಕುಸ್ತ್ಯಾಗ ಪ್ರತಿ ಸಲಾ ನಾನ ಚಿತ್" ಎಂದರು. ದೊಡ್ಡವ್ವ ಆ ಹೊತ್ತು ಅವರ ತಾಟಿಗೆ ತುಪ್ಪವನ್ನೂ ಬಡಿಸಿದಳು.

ನನಗೂ ಆಸೆಯಾಯಿತು. ಮಗ್ಗದ ಮನೆಗೆ ಹೋಗಿ, ಖಟಖಟ ಓಡುತ್ತಿದ್ದ ಜೋಡಿ ಮಗ್ಗಗಳ ನಡುವೆ ನಿಂತಿದ್ದ ಗಂಡನ ಕಿವಿಯಲ್ಲಿ, "ನಮ್ಮ ಜೋಡಿ ಹೆಂಗ ನಡದೈತ್ರೀ?" ಎಂದು ಕೂಗಿದೆ. ಅವರು ನೂಲಿನಿಂದ ಕಣ್ಣು ತೆಗೆಯದೆ, "ಎರಡೂ ಛಲೋ ನಡದಾವು, ಎಣ್ಣಿ ಅಷ್ಟ ಹಾಕಬೇಕು" ಎಂದರು. ಎಣ್ಣೆ ಡಬ್ಬಿ ತಂದುಕೊಟ್ಟೆ.