ಶೋಕ ಕಡತ ಬಿಟ್ಟು ಮದುವೆ ಕಡತಕ್ಕೆ ನುಗ್ಗಿದ ‘ತಲೆಬರಹ’ ಫಂಕ್ಷನ್ ಅವರಿಗೆ

ಹುಬ್ಬಳ್ಳಿ, ಏಪ್ರಿಲ್ ೨೦೦೩

ಸರ್ವಾಂತರ್ಯಾಮಿ ‘ತಲೆಬರಹ’ ಅವರ ಸನ್ನಿಧಿಗೆ
(ಮೂಲ ವಾಸ: ಶೋಕ ಕಡತ; ಸದ್ಯದ ವಾಸ: ಎಲ್ಲೆಲ್ಲೂ)

ಮಾನ್ಯರೇ,

ಅನಂತ ನಮಸ್ಕಾರಗಳು. ಮದುವೆಯಿರಲಿ, ಸತ್ತವರ ಶಿವಗಣಾರಾಧನೆಯಿರಲಿ, ಊರಿನ ಸಕಲ ಫಂಕ್ಷನ್ನುಗಳಿಗೂ ಕಾರ್ಡು ಅಚ್ಚು ಹಾಕುವ ನಮ್ಮ ಮುದ್ರಣಾಲಯದ ಕಂಪ್ಯೂಟರಿನಲ್ಲಿ, ಸ್ಕ್ರಿಪ್ಟ್ ಭಾಷೆಯಲ್ಲಿ, ಹೆಸರು ಕರೆದೊಡನೆ ಒಪ್ಪಿಸಿದ ಕೆಲಸ ಮಾಡುವ ಇನ್ನೊಂದು ಬಗೆಯ ‘ಫಂಕ್ಷನ್’ ಆಗಿ ತಮ್ಮನ್ನು ಬರೆದು ಹುಟ್ಟಿಸಿದ ಪಾಪಿ ನಾನೇ ಆದ್ದರಿಂದ, ದೂರು ಕೊಡುವ ಹಕ್ಕೂ ನನ್ನದೇ ಎಂದು ಭಾವಿಸಿದ್ದೇನೆ.

ತಮಗೆ ಒಪ್ಪಿಸಿದ್ದು, ಕೊಟ್ಟ ಹೆಸರಿನವರು ಶಿವಾಧೀನರಾದರೆಂದು ಸಾರುವ ಶೋಕದ ಕಾರ್ಡಿನ ಮೊದಲ ಸಾಲು ಮಾತ್ರ. ಮದುವೆ ಕಡತದಲ್ಲಿ ‘ತಲೆಬರಹ’ ಎಂಬ ಹೆಸರಿನವರೇ ಇನ್ನೊಬ್ಬರು ಮೊದಲಿನಿಂದಲೂ ಸಂಸಾರ ಹೂಡಿದ್ದರು. ತಮ್ಮನ್ನು ಇನ್ನೊಂದು ಫಂಕ್ಷನ್ನಿನ ಹೊಟ್ಟೆಯೊಳಗೆ ಬರೆದಿದ್ದರೆ ತಾವು ಲೋಕಲ್ ಆಗಿ, ಆಚೆಯವರಿಗೆ ಮುಖವನ್ನೂ ತೋರಿಸದೆ ಇರುತ್ತಿದ್ದಿರಿ. ನಾನೋ ಅವಸರದಲ್ಲಿ, ಮುಚ್ಚುವ ಕಂಸದ ಹೊರಗೆ ಬರೆದುಬಿಟ್ಟೆ. ತಾವು ಕೂಡಲೇ ಗ್ಲೋಬಲ್ ಆಗಿ, ಎಲ್ಲ ಕಡತಗಳಿಗೂ ಕಾಣಿಸತೊಡಗಿದಿರಿ. ಒಂದೇ ಹೆಸರಿನ ಇಬ್ಬರಲ್ಲಿ ಕೊನೆಗೆ ಬಂದವರಿಗೇ ಗಾದಿ ಎಂಬುದು ಕಂಪ್ಯೂಟರಿನ ನ್ಯಾಯವಾದ್ದರಿಂದ, ಮದುವೆಯ ಕೆಲಸವೂ ತಮ್ಮ ಪಾಲಾಯಿತು. ಕರಡಿನಲ್ಲಿ ನಾನು ಮುಹೂರ್ತವನ್ನಷ್ಟೇ ನೋಡಿದೆ.

ಪರಿಣಾಮವಾಗಿ, ಗೋಪನಕೊಪ್ಪದ ಪರಮೇಶ ಅವರು ಮಗಳು ಜಯಾಳ ಮದುವೆಗೆಂದು ತೆರೆದೂ ನೋಡದೆ ಹಂಚಿದ ಕಾರ್ಡಿನ ನೆತ್ತಿಯ ಮೇಲೆ, ಸ್ವತಃ ಪರಮೇಶ ಅವರೇ ಶಿವಾಧೀನರಾದರು. ಸಾವಿನ ಕಾರ್ಡು ಮನೆಯೊಳಗೆ ಇರಬಾರದೆಂದು ನಮ್ಮ ಮಂದಿ ಮೊದಲ ಸಾಲು ಓದಿದೊಡನೆ ಹರಿದು ಹೊರಗೆ ಎಸೆಯುತ್ತಾರೆ. ಹೀಗಾಗಿ ಕೆಳಗಿದ್ದ ವಧೂವರರ ಹೆಸರು ಯಾರ ಕಣ್ಣಿಗೂ ಬೀಳಲಿಲ್ಲ. ಮರುದಿನ ಮುಂಜಾನೆ ಪರಮೇಶ ಅವರ ದೊಡ್ಡಪ್ಪನ ಮಗಳು ಹೊಳೆವ್ವ ಬಾಗಿಲಲ್ಲೇ ಎದೆ ಬಡಿದುಕೊಳ್ಳತೊಡಗಿದಾಗ ಬಾಗಿಲು ತೆರೆದವರು ಮೃತರೇ. “ಅಕ್ಕಾ, ನಾ ಇಲ್ಲೇ ಅದೇನಿ” ಎಂದರೆ, “ಸುಮ್ನಿರೋ ಪರಮ್ಯಾ, ಎರಡು ಬಸ್ ಬದಲಿ ಮಾಡಿ ಬಂದೇನಿ, ಅತ್ತು ಮುಗಸ್ತೇನಿ ತಡಿ” ಎಂದು ಆಕೆ ಸಾಂಗವಾಗಿ ಮುಗಿಸಿದರಂತೆ.

ಇಷ್ಟಾದರೂ ನಗಬಹುದಿತ್ತು. ಆದರೆ ಹೆಣ್ಣಿನ ತಂದೆ ತೀರಿದ ವರ್ಷ ಮಂಗಳ ಕಾರ್ಯ ಸಲ್ಲದೆಂದು ಕೆಲಗೇರಿಯಲ್ಲಿರುವ ವರನ ಅಜ್ಜಿ ಶರಣವ್ವ ಮದುವೆಯನ್ನೇ ಮುಂದಕ್ಕೆ ಹಾಕಿದರು. ಪರಮೇಶ ಅವರು ಓಡಿಹೋಗಿ ಎದುರಿಗೆ ನಿಂತರೆ, “ನೀವು ಅದೀರಿ, ಖರೇ. ಆದ್ರ ಅಚ್ಚಾಗಿದ್ದು ಸುಳ್ಳಾಗತದೇನ್ರಿ? ಜೀವಂತ ಅದೇನಂತ ಅಚ್ಚ ಹಾಕಿಸ್ಕೊಂಡ ಬರ್ರಿ” ಎಂದರು. ಜಯಾ ನಮ್ಮ ಅಂಗಡಿಗೇ ಬಂದು, “ಮಿಲಿಂದಣ್ಣಾ, ನಮ್ಮಪ್ಪನ್ನ ಲಗೂ ಬದುಕಸ್ರಿ, ಇನ್ನ ಎಂಟ ದಿನಾ ಐತಿ” ಎಂದು ಕಣ್ಣೀರಾದಳು.

ಮಾನ್ಯರೇ, ತಮ್ಮ ಸಾಮರ್ಥ್ಯ ದೊಡ್ಡದು. ವೈದ್ಯರ ನೆರವಿಲ್ಲದೆ ಒಂದೇ ಸಾಲಿನಲ್ಲಿ ಆರುನೂರು ಮನೆಗಳಿಗೆ ಸೂತಕ ತಂದವರು ತಾವು. ಇಂಥವರಲ್ಲಿ ಸಣ್ಣದೊಂದು ಕೋರಿಕೆ: ಹೊಳೆವ್ವನವರ ಕಣ್ಣೀರನ್ನು ಹಿಂತಿರುಗಿಸಿ, ಹರಿದ ಕಾರ್ಡುಗಳನ್ನು ಗಟಾರದಿಂದ ಎತ್ತಿ ಹೊಲಿದು, ಇನ್ನು ಮುಂದೆ ಕಂಸದೊಳಗೆ ಸೊಸೆಯಂತೆ ತಲೆ ತಗ್ಗಿಸಿಕೊಂಡಿರಬೇಕು.

ತಮ್ಮನ್ನು ಹುಟ್ಟಿಸಿ, ಈಗ ಕಟ್ಟಿಹಾಕಿರುವ
ತಮ್ಮ ವಿಶ್ವಾಸಿ,
ಮಿಲಿಂದ

ತಾಜಾಕಲಂ: ಸ್ಪಷ್ಟನೆಗೆಂದು ಬೇರೆ ಕಡತ ನಮ್ಮಲ್ಲಿಲ್ಲವಾದ್ದರಿಂದ ಆ ಕಾರ್ಡನ್ನೂ ಶೋಕ ಕಡತದಲ್ಲೇ ತಯಾರಿಸಿ, ‘ಶಿವಾಧೀನರಾದರೆಂದು’ ಎಂಬಲ್ಲಿ ಮಾತ್ರ ‘ಬದುಕಿದ್ದಾರೆಂದು’ ಎಂದು ತಿದ್ದಿದೆ. ತಾವು ಈಗ ಲೋಕಲ್ ಆಗಿದ್ದರೂ ಅಲ್ಲಿಯ ಕರ್ತವ್ಯ ಮರೆಯಲಿಲ್ಲ: “ಶ್ರೀ ಪರಮೇಶ ಅವರು ಬದುಕಿದ್ದಾರೆಂದು ತಿಳಿಸಲು ವಿಷಾದಿಸುತ್ತೇವೆ.” ಶರಣವ್ವ ಮೊಮ್ಮಗನಿಂದ ಎರಡು ಸಲ ಓದಿಸಿ ಕೇಳಿ, “ಇಷ್ಟ ಬ್ಯಾಸರಾ ಮಾಡ್ಕೊಂಡ ಹೇಳ್ಯಾರಂದ್ರ ಸುಳ್ಳಿರಾಂಗಿಲ್ಲ” ಎಂದು ಮದುವೆಗೆ ಒಪ್ಪಿದ್ದಾರೆ.