ಕುರ್ಚಿಯ ಮೇಲಿನ ಕತ್ತೆಯನ್ನು ಹಿಂಪಡೆಯುವ ಬಗ್ಗೆ

ಪುಸ್ತಕ ಪರಿಶೀಲನಾ ಕಚೇರಿ
ಸುತ್ತೋಲೆ ಸಂಖ್ಯೆ: ಪುಪ/ನಿಷೇಧ/೪೭/ತಿದ್ದುಪಡಿ-೩

ವಿಷಯ: ನಿಷೇಧಿತ ಕಾದಂಬರಿಯ ಆಕ್ಷೇಪಾರ್ಹ ವಾಕ್ಯದಲ್ಲಿ ಕಂಡುಬಂದ ಪ್ರಾಣಿಯ ಕುರಿತು.
ಉಲ್ಲೇಖ: ಲೇಖಕಿಯವರ ಖುದ್ದು ಭೇಟಿ, ಸತತ ನಾಲ್ಕು ದಿನ.

೧. ನಿವೃತ್ತ ಶಾಲಾ ಶಿಕ್ಷಕಿಯೊಬ್ಬರ ಕಾದಂಬರಿಯನ್ನು, ದೂರು ಅರ್ಜಿಯೊಂದರಲ್ಲಿ ಉಲ್ಲೇಖಿಸಿದ್ದ ಒಂದು ವಾಕ್ಯದ ಕಾರಣಕ್ಕೆ ನಿಷೇಧಿಸಿ, ಏನನ್ನು ಓದಬಾರದೆಂದು ಸಾರ್ವಜನಿಕರಿಗೆ ತಿಳಿಯಲೆಂದು ಆ ವಾಕ್ಯವನ್ನು ಸೂಚನಾ ಫಲಕದಲ್ಲಿ ದಪ್ಪ ಅಕ್ಷರಗಳಲ್ಲಿ ಪ್ರಕಟಿಸಲಾಗಿತ್ತು: ‘ದೊಡ್ಡವರ ಕುರ್ಚಿಯ ಮೇಲೆ ಕತ್ತೆ ಇತ್ತು.’

೨. ಅಂದಿನಿಂದ ಫಲಕದ ಮುಂದೆ ಜನ ಸಾಲುಗಟ್ಟುತ್ತಿದ್ದು, ಓದಿದವರು ಮುಖ್ಯ ಪರಿಶೀಲನಾಧಿಕಾರಿಗಳ ಕಿಟಕಿಯತ್ತ ತಿರುಗಿ ನೋಡುತ್ತಿರುವುದು ಗಮನಕ್ಕೆ ಬಂದಿದೆ. ಇನ್ನು ಮುಂದೆ ಓದಿದವರು ನೆಲವನ್ನೇ ನೋಡತಕ್ಕದ್ದು. ನಗು ತಡೆಯಲಾರದವರು ಲಿಖಿತ ಪೂರ್ವಾನುಮತಿ ಪಡೆದು, ರಸ್ತೆಯ ಆಚೆ ಬದಿಯಲ್ಲಿ ನಗತಕ್ಕದ್ದು.

೩. ಲೇಖಕಿಯವರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ನನ್ನ ಪುಸ್ತಕದಲ್ಲಿ ಕತ್ತೆ ಇಲ್ಲ ಸ್ವಾಮಿ, ಕತ್ತಿ ಇದೆ. ಹನ್ನೊಂದು ಸಲ ತಿದ್ದಿ ಬರೆದ ಸಾಲು ಅದು. ನಿಷೇಧ ಮಾಡೋದಾದ್ರೆ ನಾನು ಬರೆದದ್ದನ್ನ ಮಾಡಿ, ನೀವು ಬರೆದದ್ದನ್ನಲ್ಲ!”

೪. ಈ ಕಾರಣ ಸದರಿ ಪುಸ್ತಕವನ್ನು ಕಚೇರಿಯಲ್ಲಿ ಮೊದಲ ಬಾರಿಗೆ ತೆರೆಯಲಾಯಿತು. ಮೂವರು ಗುಮಾಸ್ತರು ೨೧೨ ಪುಟ ಹುಡುಕಿದರೂ ಕತ್ತೆ ಪತ್ತೆಯಾಗಿಲ್ಲ. ಹುಡುಕಾಟ ಮುಗಿದ ಮೇಲೂ ಮೂವರೂ ಓದುತ್ತಲೇ ಇದ್ದುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಕಥೆಯ ಕೊನೆಯನ್ನು ಊಟದ ವೇಳೆಯಲ್ಲಿ ಇತರರಿಗೆ ಹೇಳಕೂಡದೆಂದು ಈ ಮೂಲಕ ಸೂಚಿಸಲಾಗಿದೆ.

೫. ಅಕ್ಷರದೋಷಕ್ಕಾಗಿ ಅಮಾನತುಗೊಂಡ ಟೈಪಿಸ್ಟರು ನೀಡಿದ ವಿವರಣೆ: “ನಾನು ಕತ್ತಿ ಅಂತಲೇ ಹೊಡೆದಿದ್ದೆ ಸಾರ್. ‘ಕುರ್ಚಿ ಮೇಲೆ ಯಾರಮ್ಮಾ ಕತ್ತಿ ಇಡ್ತಾರೆ, ಕತ್ತೆ ಮಾಡು’ ಅಂದವರು ನೀವೇ.” ಕರಡು ತರಿಸಿ ನೋಡಲಾಗಿ, ತಿದ್ದುಪಡಿಯ ಪಕ್ಕದಲ್ಲಿ ಈ ಕೆಳಗೆ ಸಹಿ ಮಾಡಿದವರ ಕಿರುಸಹಿ ಇದೆ. ಅಮಾನತನ್ನು ರದ್ದುಪಡಿಸಲಾಗಿದೆ. ಅವರ ನಗುವಿಗೆ ಕಲಂ ೨ ಅನ್ವಯಿಸುವುದಿಲ್ಲ.

೬. ಕಾನೂನು ಸಲಹೆಗಾರರ ಅಭಿಪ್ರಾಯದಂತೆ, ಕತ್ತೆ ಇರುವುದು ಕಾದಂಬರಿಯಲ್ಲಲ್ಲ, ಕಚೇರಿಯಲ್ಲಿ. ಆದುದರಿಂದ ಕಾದಂಬರಿಯನ್ನು ಬಿಡುಗಡೆ ಮಾಡಿ, ಸೂಚನಾ ಫಲಕವನ್ನು ನಿಷೇಧಿಸಲಾಗಿದೆ.

೭. ವಶಪಡಿಸಿಕೊಂಡ ಮೂವತ್ತೆರಡು ಪ್ರತಿಗಳಲ್ಲಿ ಇಪ್ಪತ್ತೊಂದು ಮಾತ್ರ ಕಪಾಟಿನಲ್ಲಿವೆ. ಉಳಿದವನ್ನು ಸಿಬ್ಬಂದಿ ತಮ್ಮ ತಮ್ಮ ಮನೆಗಳಿಂದ ತಂದೊಪ್ಪಿಸತಕ್ಕದ್ದು. “ಓದಿ ಮುಗಿಸಿಯೇ ಕೊಡಲಿ ಬಿಡಿ, ಅವಸರವೇನಿಲ್ಲ” ಎಂದು ಲೇಖಕಿಯವರು ಕಣ್ಣೊರೆಸಿಕೊಂಡು ತಿಳಿಸಿರುವುದರಿಂದ ಗಡುವು ವಿಧಿಸಿಲ್ಲ.

ಸಹಿ/-
ಮುಖ್ಯ ಪರಿಶೀಲನಾಧಿಕಾರಿ
(ಪುಟ ೧೪೦ರಲ್ಲಿದ್ದಾರೆ)

ಪ್ರತಿಗಳು:
ಕಾನೂನು ಸಲಹೆಗಾರರಿಗೆ, ಅಭಿಪ್ರಾಯದ ಭಾಷೆಯನ್ನು ಮೃದುಗೊಳಿಸುವಂತೆ ಕೋರಿ.
ಟೈಪಿಸ್ಟರಿಗೆ, ಹೇಳಿದ್ದನ್ನೆಲ್ಲ ಹೊಡೆಯದಂತೆ ಸೂಚಿಸಿ.
ಲೇಖಕಿಯವರಿಗೆ, ಈ ಸುತ್ತೋಲೆಯ ಕಾಗುಣಿತ ನೋಡಿಕೊಡುವಂತೆ ವಿನಂತಿಸಿ.