ಕನ್ಯಾ ನೋಡಲು ಹೋಗಿ ಭಾಗಾಕಾರ ಮಾಡಿದ್ದು

ಒಬ್ಬೊಬ್ಬರಿಗೆ ಒಂದೊಂದು ಚಟ. ಕೆಲವರಿಗೆ ಎಲೆಅಡಿಕೆ, ಕೆಲವರಿಗೆ ಇಸ್ಪೀಟು. ನನಗೆ ಎಲ್ಲಿ ದೊಡ್ಡ ಸಂಖ್ಯೆ ಕಂಡರೂ ಅದು ಯಾವುದರಿಂದ ಭಾಗವಾಗುತ್ತದೆಂದು ನೋಡುವ ಚಟ. ಡಾಕ್ಟರ ಮುಂದೆ ಹೇಳಿಕೊಳ್ಳಲೂ ಬಾರದ ಕಾಯಿಲೆ ಇದು. ರಾಯಚೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದುದರಿಂದ ಜನ ಇದನ್ನು ವಿದ್ವತ್ತೆಂದೇ ತಿಳಿದಿದ್ದರು. ನಾನೂ ಅವರ ತಿಳುವಳಿಕೆಯನ್ನು ತಿದ್ದಲು ಹೋಗಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಮಾನ್ವಿಯಲ್ಲಿ ನನಗೊಂದು ಕನ್ಯಾ ನೋಡುವುದಿತ್ತು. ಅವ್ವ ಮತ್ತು ಸೋದರಮಾವ ದೇವದುರ್ಗದಿಂದ ನೇರ ಅಲ್ಲಿಗೆ ಹೋಗಿದ್ದರು. ನಾನು ಇಸ್ತ್ರಿ ಅಂಗಿ ತೊಟ್ಟು, ಒಂದಿಷ್ಟು ಹಣ್ಣು ಕಟ್ಟಿಸಿಕೊಂಡು ರಾಯಚೂರಿನಲ್ಲಿ ಬಸ್ಸು ಹತ್ತಿದೆ. ಕಂಡಕ್ಟರ್ ಕೊಟ್ಟ ಟಿಕೀಟಿನ ಮೇಲೆ 99991 ಎಂದಿತ್ತು. ಅಷ್ಟೇ ಸಾಕಾಯಿತು. ಇದು ಅವಿಭಾಜ್ಯವೇ? ಅಂದರೆ, ಒಂದು ಮತ್ತು ತಾನು ಬಿಟ್ಟರೆ ಬೇರೆ ಯಾವುದಕ್ಕೂ ಬಗ್ಗದ ಸಂಖ್ಯೆಯೇ? ಹಣ್ಣಿನ ಪೇಪರಿನ ಮೇಲೆ ಪೆನ್ಸಿಲ್ ಓಡತೊಡಗಿತು. ಮೂರರಿಂದ ಆಗಲಿಲ್ಲ. ಏಳರಿಂದ ಭಾಗಿಸಿದರೆ ಮೂರು ಉಳಿಯಿತು, ಹದಿಮೂರರಿಂದ ಎಂಟು. ಹೀಗೇ ಏರುತ್ತಾ 293ಕ್ಕೆ ಬಂದೆ. ಸರಿಯಾಗಿ 341 ಸಲ ಹೋಯಿತು! ಅಷ್ಟು ಹೊತ್ತು ಯಾರಿಗೂ ಬಗ್ಗದ ಸಂಖ್ಯೆ ಹೀಗೆ ಮಣಿದದ್ದು ನೋಡಿ, ಅಯ್ಯೋ ಪಾಪ ಎನ್ನುತ್ತ ಪೆನ್ಸಿಲ್ ಕಿಸೆಗಿಟ್ಟೆ.

"ಸರ್, ಸಿಂಧನೂರ ಬಂತು, ಇಳೀರಿ," ಎಂದ ಕಂಡಕ್ಟರ್. "ಮಾನ್ವಿ ಮಾನ್ವಿ ಅಂತ ಗಂಟಲ ಹರಕೊಂಡೆ. ಎಲ್ಲಿದ್ರಿ ನೀವು?"

ಮರಳಿ ಮಾನ್ವಿ ಮುಟ್ಟುವಷ್ಟರಲ್ಲಿ ಉಪ್ಪಿಟ್ಟು ಆರಿತ್ತು, ಮಾವನ ಮುಖ ಕಾದಿತ್ತು. ಹುಡುಗ ಬೇಡವೆಂದೇ ತಪ್ಪಿಸಿಕೊಂಡನೆಂದು ಕನ್ಯಾದವರು ಗುಸುಗುಸು ಮಾತಾಡಿಕೊಂಡಿದ್ದರಂತೆ. ಹೇಗೋ ಸಮಾಧಾನವಾಗಿ, "ನೀವಿಬ್ರೂ ಏನರ ಮಾತಾಡ್ರಿ," ಎಂದು ನಮ್ಮನ್ನು ಒಳಕೋಣೆಯಲ್ಲಿ ಕೂಡಿಸಿದರು.

ಹುಡುಗಿ ಶಾಂತಾ, ಪಿಯುಸಿ ಪಾಸಾದವಳು. "ಯಾಕ್ರಿ ತಡ ಆತು?" ಎಂದಳು. ಸುಳ್ಳು ಹೊಳೆಯಲಿಲ್ಲ, ಪೇಪರು ಬಿಡಿಸಿ ತೋರಿಸಿದೆ. ನಗುತ್ತಾಳೆ ಅಂದುಕೊಂಡರೆ, ಹುಬ್ಬು ಗಂಟಿಕ್ಕಿ ಕೂತಳು.

"ಎಲ್ಲೀತನಕ ನೋಡಬೇಕ್ರಿ?"

"316ರ ತನಕ ಸಾಕು. 316ಕ್ಕಿಂತ ದೊಡ್ಡದರಿಂದ ಭಾಗ ಹೋದರ, ಅದರ ಜೋಡಿ ಸಂಖ್ಯಾ 316ಕ್ಕಿಂತ ಸಣ್ಣದಿರಬೇಕು. ಅದು ಮೊದಲ ಸಿಕ್ಕಿರ್ತದ."

ಅವಳು ತಲೆಯಾಡಿಸಿ, ನನ್ನ ಲೆಕ್ಕದ ಮೇಲೆ ಬೆರಳಿಟ್ಟಳು. "293 ಗುಣಿಲೆ 341. ಮೂರೊಂದ್ಲೆ ಮೂರು. ನಿಮ್ಮ ನಂಬರಿನ ಕೊನಿಗೆ ಒಂದು ಅದ. ಹ್ಯಾಂಗ ಬಂತ್ರಿ ಅದು?"

ಮತ್ತೆ ಭಾಗಿಸಿದೆ. 78 ಉಳಿಯಿತು! ನನ್ನ ಸಂಖ್ಯೆಗೆ ಜೀವ ಬಂತು. ಉಳಿದದ್ದು ಮೂರೇ: 307, 311, 313. ಇಬ್ಬರೂ ಪೇಪರಿನ ಮೇಲೆ ತಲೆ ಬಗ್ಗಿಸಿ ಒಂದೊಂದಾಗಿ ಮುಗಿಸಿದೆವು. ಎಲ್ಲದಕ್ಕೂ ಶೇಷ! ಅದೇ ಹೊತ್ತಿಗೆ ಹೊರಗಿನಿಂದ ಅವ್ವ ಕೂಗಿದಳು: "ಏನಾತೋ ಯಪ್ಪಾ? ಹೊಂದ್ತದೇನು?"

"ಇಲ್ಲವ್ವಾ!" ಎಂದು ನಾನು ಖುಷಿಯಿಂದ ಕುಣಿದಾಡುತ್ತ ಒದರಿದೆ. "ಯಾವುದಕ್ಕೂ ಹೊಂದಂಗಿಲ್ಲ!"

ಪಡಸಾಲೆಯಲ್ಲಿ ಚಹದ ಕಪ್ಪುಗಳ ಸದ್ದು ನಿಂತಿತು. ಯಾರೋ ಕೆಮ್ಮಿದರು. ಶಾಂತಾ ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಹೋಗಿ ಮೆತ್ತಗೆ, "ಅದು ನಂಬರಿನ ಮಾತ್ರೀ, ಅತ್ತೀ," ಎಂದಳು.

ಅತ್ತಿ ಎಂದ ಮೇಲೆ ಇನ್ನೇನು? ಅವ್ವ ಶಾಂತಾಳ ಗಲ್ಲ ಸವರಿದಳು, ಮಾವ ಸಕ್ಕರೆ ಹಂಚಿದ. ಆ ಗದ್ದಲದಲ್ಲಿ ನನ್ನ ಒಪ್ಪಿಗೆ ಕೇಳುವುದನ್ನು ಎಲ್ಲರೂ ಮರೆತರು. ಇಂದಿಗೂ ಯಾರೂ ಕೇಳಿಲ್ಲ.